ಹಳೆ ಕಂಪ್ಯೂಟರ್ ಭಾಗ ಮಾರಿದ ಮೇಲೆ ತಕರಾರು ಬಂದರೆ ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು

ಆನ್‌ಲೈನ್‌ನಲ್ಲಿ ಹಳೆ ಗ್ರಾಫಿಕ್ಸ್ ಕಾರ್ಡನ್ನೋ ಮದರ್‌ಬೋರ್ಡನ್ನೋ ಮಾರುವವರು ಮತ್ತೆ ಮತ್ತೆ ಎಡವುವುದು ಒಂದೇ ಜಾಗದಲ್ಲಿ. ಪಾರ್ಸೆಲ್ ತಲುಪುತ್ತದೆ, ಎರಡು ದಿನ ಬಿಟ್ಟು "ಇದು ಕೆಲಸ ಮಾಡ್ತಿಲ್ಲ, ದುಡ್ಡು ವಾಪಸ್ ಕೊಡಿ" ಅಂತ ಮೆಸೇಜ್ ಬರುತ್ತದೆ, ಮಾರಿದವರು "ನಾನು ಕಳಿಸಿದಾಗ ಚೆನ್ನಾಗೇ ಇತ್ತು" ಅಂತ ಸಿಟ್ಟಿನಲ್ಲಿ ಬರೆಯುತ್ತಾರೆ. ಅಲ್ಲಿಂದ ಜಗಳ ಶುರು. ಕೊನೆಗೆ ತೀರ್ಮಾನ ಮಾಡುವುದು ಸೈಟಿನ ಯಾರೋ ಒಬ್ಬ ಸಿಬ್ಬಂದಿ. ಅವರು ನಿಮ್ಮ ಕಾರ್ಡನ್ನು ಕಣ್ಣಲ್ಲಿ ಕಂಡವರಲ್ಲ, ಕಂಪ್ಯೂಟರ್ ಬಿಚ್ಚಿ ಗೊತ್ತಿರುವವರೂ ಆಗಿರಬೇಕಿಲ್ಲ. ಅವರ ಎದುರು ಇರುವುದು ಲಿಸ್ಟಿಂಗ್ (ಮಾರಾಟಕ್ಕೆ ನೀವು ಹಾಕಿದ ಜಾಹೀರಾತು), ಮೆಸೇಜು, ಫೋಟೊ, ಟ್ರ್ಯಾಕಿಂಗ್, ಅಷ್ಟೇ. ನೀವು ನಿಜ ಹೇಳುತ್ತಿದ್ದೀರಿ ಅನ್ನುವುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಅದನ್ನು ತೋರಿಸಲು ಕೈಯಲ್ಲಿ ಏನಿದೆ ಅನ್ನುವುದೇ ಲೆಕ್ಕ. ಆದ್ದರಿಂದ ತಕರಾರಿನ ಮುಕ್ಕಾಲು ಕೆಲಸ ಪೆಟ್ಟಿಗೆಗೆ ಟೇಪ್ ಹಾಕುವ ಮುಂಚೆಯೇ ಮುಗಿದಿರಬೇಕು.

ಈಗಾಗಲೇ ದೂರು ಬಂದಿದ್ದರೆ ನೇರವಾಗಿ 5ನೇ ಹಂತಕ್ಕೆ ಹೋಗಿ. ಮೊದಲ ನಾಲ್ಕು ಹಂತ ಮುಂದಿನ ಮಾರಾಟಕ್ಕೆ ಉಪಯೋಗಕ್ಕೆ ಬರುತ್ತವೆ.

ಕೈಯಲ್ಲಿ ಇರಬೇಕಾದ ಸಾಮಾನು

ಕ್ಯಾಮೆರಾ ಚೆನ್ನಾಗಿರುವ ಫೋನ್, ಅದನ್ನು ಅಲ್ಲಾಡದಂತೆ ನಿಲ್ಲಿಸಲು ಏನಾದರೊಂದು ಸ್ಟ್ಯಾಂಡ್, ಸರಿಯಾಗಿ ಕೆಲಸ ಮಾಡುವ ಒಂದು ಟೆಸ್ಟ್ ಪಿಸಿ, ಒಂದು ಪೆನ್‌ಡ್ರೈವ್, ಬೆಳ್ಳಿ ಬಣ್ಣದ ಆಂಟಿಸ್ಟಾಟಿಕ್ (ಸ್ಥಿರ ವಿದ್ಯುತ್ ತಡೆಯುವ) ಕವರ್, ಒಂದರೊಳಗೊಂದು ಹಿಡಿಯುವ ಎರಡು ಗಟ್ಟಿ ಪೆಟ್ಟಿಗೆ, ತೂಕದ ಯಂತ್ರ. ತೂಕದ ಯಂತ್ರ ಯಾಕೆ ಅಂತ 9ನೇ ಹಂತದಲ್ಲಿ ಗೊತ್ತಾಗುತ್ತದೆ.

ಸಾಫ್ಟ್‌ವೇರ್ ಎಲ್ಲ ಪುಕ್ಕಟೆ ಸಿಗುವಂಥದ್ದೇ. ಗ್ರಾಫಿಕ್ಸ್ ಕಾರ್ಡಿಗೆ ಜಿಪಿಯು-ಝಡ್ ಮತ್ತು ಫರ್‌ಮಾರ್ಕ್, ಪ್ರೊಸೆಸರ್‌ಗೆ ಸಿಪಿಯು-ಝಡ್ ಮತ್ತು ಓಸಿಸಿಟಿ, ರ‍್ಯಾಮ್‌ಗೆ ಮೆಮ್‌ಟೆಸ್ಟ್86, ಡಿಸ್ಕ್‌ಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ.

ಹಂತ 1: ಭಾಗದ ಗುರುತು ಹಿಡಿದಿಡಿ

ಸೀರಿಯಲ್ ನಂಬರ್ ಫೋಟೊ ಎಲ್ಲರೂ ತೆಗೆಯುತ್ತಾರೆ. ಅದು ಸಾಲದು. ಸ್ಟಿಕ್ಕರನ್ನು ಕಿತ್ತು ಅದೇ ಮಾಡೆಲ್‌ನ ಸತ್ತ ಕಾರ್ಡಿಗೆ ಅಂಟಿಸಿ ವಾಪಸ್ ಕಳಿಸುವವರು ಇದ್ದಾರೆ. ಆದ್ದರಿಂದ ಕಿತ್ತು ಅಂಟಿಸಲಾಗದ ಗುರುತುಗಳ ಫೋಟೊ ಬೇಕು: ಬೋರ್ಡಿನ ಮೇಲಿನ ಗೀರು, ಸ್ಕ್ರೂ ತಲೆಯ ಸವೆತ, ಹಿಂಬದಿಯ ಬೆಸುಗೆ, ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ಭಾಗ) ಅಂಚಿನ ಮಚ್ಚೆ. ಪ್ರೊಸೆಸರ್ ಆದರೆ ಲೋಹದ ಮುಚ್ಚಳದ ಮೇಲೆ ಕೊರೆದ ಅಕ್ಷರಗಳು ಓದುವಂತಿರಲಿ. ಬೇಕಿದ್ದರೆ ಯುವಿ ಪೆನ್ನಿನಿಂದ (ಅದರ ಶಾಯಿ ನೇರಳಾತೀತ ಬೆಳಕಲ್ಲಿ ಮಾತ್ರ ಕಾಣುತ್ತದೆ) ಒಂದು ಸಣ್ಣ ಗುರುತನ್ನೂ ಹಾಕಿ, ಆದರೆ ಅದರ ಫೋಟೊ ಕಳಿಸುವ ಮುಂಚಿನದ್ದೇ ಇರಬೇಕು. ಆಮೇಲೆ "ನಾನು ಗುರುತು ಹಾಕಿದ್ದೆ" ಅಂದರೆ ಯಾರೂ ನಂಬುವುದಿಲ್ಲ.

ಮದರ್‌ಬೋರ್ಡ್ ಮಾರುವವರು ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಇಂಟೆಲ್ ಬೋರ್ಡ್ ಮತ್ತು ಎಎಂಡಿಯ ಎಎಂ5 ಬೋರ್ಡುಗಳಲ್ಲಿ ಪಿನ್ನುಗಳು ಇರುವುದು ಪ್ರೊಸೆಸರ್ ಕೂರುವ ಸಾಕೆಟ್‌ನಲ್ಲಿ. ಕೂದಲಿನಷ್ಟು ತೆಳ್ಳಗಿನ ಆ ಪಿನ್ನು ಒಂದು ಬಾಗಿದರೂ ಬೋರ್ಡ್ ಕೆಟ್ಟ ಹಾಗೆ. ಬೆಳಕನ್ನು ಒಂದು ಪಕ್ಕದಿಂದ ಬೀಳಿಸಿ, ನೇರ ಮೇಲಿನಿಂದ ಒಂದು, ನಾಲ್ಕು ಮೂಲೆಗಳಿಂದ ನಾಲ್ಕು ಫೋಟೊ ತೆಗೆಯಿರಿ. ಸಾಲುಗಳು ನೇರವಾಗಿ ಹೊಳೆಯಬೇಕು. ನಂತರ ಪ್ಲಾಸ್ಟಿಕ್ ಮುಚ್ಚಳ ಹಾಕಿ, ಅದನ್ನೂ ತೆಗೆಯಿರಿ. ಎಎಂಡಿಯ ಹಳೆ ಎಎಂ4 ಸಾಕೆಟ್‌ನ ಪ್ರೊಸೆಸರ್‌ಗೆ ಇದರ ತಿರುಗುಮುರುಗು, ಅಲ್ಲಿ ಪಿನ್ನು ಪ್ರೊಸೆಸರ್‌ನಲ್ಲೇ ಇರುತ್ತದೆ.

ಲಿಸ್ಟಿಂಗ್‌ಗೆ ಹಾಕುವ ಫೋಟೊದಲ್ಲಿ ಸೀರಿಯಲ್ ನಂಬರಿನ ಕೊನೆಯ ಕೆಲವು ಅಂಕಿ ಮುಚ್ಚಿ. ಪೂರ್ತಿ ನಂಬರ್ ಸಿಕ್ಕರೆ ಇನ್ಯಾರೋ ಅದನ್ನಿಟ್ಟುಕೊಂಡು ವಾರಂಟಿ ಕೇಳಬಹುದು. ಮುಚ್ಚದ ಪ್ರತಿ ನಿಮ್ಮ ಹತ್ತಿರ ಇರಲಿ.

ಹಂತ 2: ಟೆಸ್ಟ್ ಮಾಡಿ, ಒಂದೇ ಓಟದ ವಿಡಿಯೊ ಮಾಡಿ

ವಿಡಿಯೊ ಎಲ್ಲೂ ಕತ್ತರಿಸಿರಬಾರದು. ಸೀರಿಯಲ್ ನಂಬರ್ ತೋರಿಸಿ, ಭಾಗವನ್ನು ಪಿಸಿಗೆ ಹಾಕಿ, ಆನ್ ಮಾಡಿ, ಸಾಫ್ಟ್‌ವೇರ್‌ನಲ್ಲಿ ಅದರ ಹೆಸರು ಬರುವುದನ್ನು ತೋರಿಸಿ, ಪರದೆಯ ಮೂಲೆಯ ತಾರೀಕು ಕಾಣಿಸಿ, ಟೆಸ್ಟ್ ಶುರುವಾಗುವವರೆಗೆ ಒಂದೇ ಓಟ. ಟೆಸ್ಟ್ ಪೂರ್ತಿ ಚಿತ್ರಿಸುವುದು ಬೇಡ, ಮುಗಿದ ಮೇಲೆ ಸ್ಕ್ರೀನ್‌ಶಾಟ್ ಸಾಕು.

ಗ್ರಾಫಿಕ್ಸ್ ಕಾರ್ಡಿಗೆ ಅರ್ಧ ಗಂಟೆ ಲೋಡ್ ಕೊಡಿ, ಅಂದರೆ ಟೆಸ್ಟ್ ಸಾಫ್ಟ್‌ವೇರ್‌ನಿಂದ ಪೂರ್ತಿ ಕೆಲಸಕ್ಕೆ ಹಚ್ಚಿ. ಪರದೆ ಮೇಲೆ ಬಣ್ಣದ ಚುಕ್ಕಿ, ಗೆರೆ ಬಂದರೆ ಅದನ್ನು ಕೆಲಸ ಮಾಡುವ ಕಾರ್ಡ್ ಅಂತ ಮಾರುವ ಹಾಗಿಲ್ಲ. ತುಂಬ ಜನ ಬಿಟ್ಟುಬಿಡುವುದು ಪೋರ್ಟ್‌ಗಳನ್ನು. ನೀವು ಒಂದು ಎಚ್‌ಡಿಎಂಐ ಮಾತ್ರ ನೋಡಿರುತ್ತೀರಿ, ಕೊಂಡವರ ಮಾನಿಟರ್ ಇರುವುದು ಡಿಸ್‌ಪ್ಲೇಪೋರ್ಟ್‌ದು, ಆ ಪೋರ್ಟೇ ಸತ್ತಿರುತ್ತದೆ. ಎಲ್ಲವನ್ನೂ ಒಂದೊಂದಾಗಿ ಹಾಕಿ ನೋಡಿ. ಕಾರ್ಡಿನ ಬಯಾಸ್ (ಒಳಗೇ ಕೂತಿರುವ ಮೂಲ ಸಾಫ್ಟ್‌ವೇರ್) ಬದಲಾಯಿಸಿದ್ದರೆ ಕಂಪನಿಯ ಮೂಲ ಬಯಾಸ್‌ಗೆ ವಾಪಸ್ ತನ್ನಿ.

ರ‍್ಯಾಮ್‌ನಲ್ಲಿ ಒಂದೇ ಒಂದು ಎರರ್ ಬಂದರೂ ಫೇಲ್. ಮಾಮೂಲಿ ವೇಗದಲ್ಲೂ ಎಕ್ಸ್‌ಎಂಪಿ (ಹೆಚ್ಚಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿಯೂ ಮೆಮ್‌ಟೆಸ್ಟ್86 ಓಡಿಸಿ. ಡಿಸ್ಕ್‌ಗಳಲ್ಲಿ ಸ್ಮಾರ್ಟ್ ಪಟ್ಟಿಯ (ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ತಾನೇ ಇಡುವ ಲೆಕ್ಕ) ಸ್ಕ್ರೀನ್‌ಶಾಟ್ ತೆಗೆಯಿರಿ. ಹಾರ್ಡ್ ಡಿಸ್ಕ್ ಆದರೆ ಕೆಟ್ಟ ಜಾಗಗಳ ಲೆಕ್ಕ ತೋರಿಸುವ 05, ಸಿ5, ಸಿ6 ಸಾಲುಗಳಲ್ಲಿ ಸೊನ್ನೆಯೇ ಇರಬೇಕು, ಬೇರೆ ಸಂಖ್ಯೆ ಇದ್ದರೆ ಲಿಸ್ಟಿಂಗ್‌ನಲ್ಲಿ ಬರೆಯಲೇಬೇಕು. ಎಷ್ಟು ಗಂಟೆ ಓಡಿದೆ ಅನ್ನುವುದೂ ಅದೇ ಪಟ್ಟಿಯಲ್ಲಿರುತ್ತದೆ. ಆಮೇಲೆ ಡೇಟಾ ಪೂರ್ತಿ ಅಳಿಸಿ, ಪಾಸ್‌ವರ್ಡ್ ಅಥವಾ ಎನ್‌ಕ್ರಿಪ್ಷನ್ ಇದ್ದರೆ ತೆಗೆಯಿರಿ.

ಪ್ರೊಸೆಸರ್‌ಗಳಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್ ಮಾರುವವರು ಜಾಗ್ರತೆ. ಇವುಗಳಲ್ಲಿ ವೋಲ್ಟೇಜ್ ಜಾಸ್ತಿಯಾಗಿ ಚಿಪ್ ನಿಧಾನವಾಗಿ ಹಾಳಾಗುವ ತೊಂದರೆ ಇದೆ ಅಂತ 2024ರಲ್ಲಿ ಇಂಟೆಲ್ ಒಪ್ಪಿಕೊಂಡು ಬಯಾಸ್ ಮೂಲಕ ಹೊಸ ಮೈಕ್ರೊಕೋಡ್ (ಚಿಪ್ಪಿನ ಒಳಗಿನ ಸೂಚನೆಗಳು) ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆದರೆ ಆಗಲೇ ಹಾಳಾದ ಚಿಪ್ಪನ್ನು ಆ ಮೈಕ್ರೊಕೋಡ್ ಸರಿ ಮಾಡುವುದಿಲ್ಲ. ನಿಮ್ಮಲ್ಲಿ ದಿನಾ ಬ್ರೌಸರ್ ಓಡಿಸಿಕೊಂಡು ಚೆನ್ನಾಗಿದ್ದ ಚಿಪ್ ಕೊಂಡವರ ಮನೆಯಲ್ಲಿ ಗೇಮ್ ಹಾಕಿದ ಕೂಡಲೇ ಬೀಳಬಹುದು. ಗಂಟೆಗಟ್ಟಲೆ ಲೋಡ್ ಕೊಟ್ಟು ನೋಡದೆ ಇವನ್ನು ಮಾರಬೇಡಿ.

ಹಂತ 3: ಲಿಸ್ಟಿಂಗ್ ಬರೆಯುವಾಗಲೇ ಜಗಳ ತಪ್ಪಿಸಿ

"ಸೂಪರ್ ಕಂಡೀಷನ್" ಅಂತ ಬರೆದರೆ ಏನೂ ಬರೆಯದ ಹಾಗೆ. ಏನು ಟೆಸ್ಟ್ ಮಾಡಿದ್ದೀರಿ, ಏನು ಮಾಡಿಲ್ಲ, ಪೆಟ್ಟಿಗೆಯಲ್ಲಿ ಏನೇನು ಬರುತ್ತದೆ, ಏನು ಬರುವುದಿಲ್ಲ, ಇಷ್ಟು ಬರೆಯಿರಿ. ಟೆಸ್ಟ್ ಮಾಡದ ಭಾಗವನ್ನು ಬಿಡಿಭಾಗಕ್ಕೆ ಮಾತ್ರ ಅನ್ನುವ ವಿಭಾಗದಲ್ಲೇ ಹಾಕಿ.

"ರಿಟರ್ನ್ ಇಲ್ಲ" ಅಂತ ಬರೆದುಬಿಟ್ಟರೆ ಬಚಾವ್ ಅಂತ ಅನೇಕರು ನಂಬಿದ್ದಾರೆ. ಇಲ್ಲ. ಮನಸ್ಸು ಬದಲಾಯಿತು ಅನ್ನುವವರಿಗೆ ಮಾತ್ರ ಆ ಸಾಲು ತಡೆ. ಹೇಳಿದ ಹಾಗೆ ಇಲ್ಲ ಅಂತ ಕೊಂಡವರು ದೂರು ಕೊಟ್ಟರೆ ಈಬೇ ಥರದ ಸೈಟ್‌ಗಳು ಆ ಸಾಲನ್ನು ಪಕ್ಕಕ್ಕಿಟ್ಟೇ ನೋಡುತ್ತವೆ.

ಮಾಡೆಲ್ ಹೆಸರನ್ನು ಪೂರ್ತಿ ಬರೆಯಿರಿ. ಎನ್‌ವಿಡಿಯಾದ ಜಿಟಿಎಕ್ಸ್ 1060ರಲ್ಲಿ 3 ಜಿಬಿ ಮತ್ತು 6 ಜಿಬಿ ಎರಡಿವೆ, ವ್ಯತ್ಯಾಸ ಮೆಮೊರಿಯಲ್ಲಿ ಮಾತ್ರ ಅಲ್ಲ, ಒಳಗಿನ ಕೋರ್‌ಗಳ ಸಂಖ್ಯೆಯಲ್ಲೂ ಇದೆ. ಇಂಥ ಕಡೆ ಒಂದು ಪದ ಬಿಟ್ಟರೆ ತಪ್ಪು ನಿಮ್ಮದೇ. ನೀವೇ ಸೆಕೆಂಡ್‌ಹ್ಯಾಂಡ್ ಕೊಂಡ ಕಾರ್ಡಾದರೆ ಜಿಪಿಯು-ಝಡ್‌ನಲ್ಲಿ ತೆರೆದು ನೋಡಿ, ಹಳೆ ಕಾರ್ಡಿಗೆ ಹೊಸ ಹೆಸರು ತುಂಬಿದ್ದರೆ ಅದು ಹೆಸರಿನ ಜೊತೆಯಲ್ಲೇ ಫೇಕ್ ಅಂತ ತೋರಿಸುತ್ತದೆ. ಮದರ್‌ಬೋರ್ಡ್ ಆದರೆ ಈಗ ಯಾವ ಬಯಾಸ್ ವರ್ಷನ್ ಇದೆ ಅಂತ ಬರೆಯಿರಿ, ಆ ಒಂದು ಸಾಲಿನಿಂದ ಎಷ್ಟೋ ದೂರು ಹುಟ್ಟುವುದೇ ಇಲ್ಲ.

ಹಂತ 4: ಪ್ಯಾಕಿಂಗ್ ಮತ್ತು ಕೊರಿಯರ್

ದಾರಿಯಲ್ಲಿ ಒಡೆದರೆ ಹೊಣೆ ಬಹುತೇಕ ಸೈಟ್‌ಗಳಲ್ಲಿ ಮಾರಿದವರದ್ದೇ. ಗುಲಾಬಿ ಬಣ್ಣದ ಕವರ್ ತಾನು ಸ್ಟಾಟಿಕ್ ಹುಟ್ಟಿಸುವುದಿಲ್ಲ ಅಷ್ಟೇ, ಹೊರಗಿನಿಂದ ಬರುವುದನ್ನು ತಡೆಯುವುದಿಲ್ಲ, ಹಾಗಾಗಿ ಬೆಳ್ಳಿ ಬಣ್ಣದ್ದೇ ಬಳಸಿ. ಥರ್ಮಕೋಲ್ ಉಂಡೆಗಳನ್ನು ನೇರ ಸುರಿಯಬೇಡಿ, ಅವು ಫ್ಯಾನಿನ ಒಳಗೆ ಸೇರಿಕೊಳ್ಳುತ್ತವೆ. ದೊಡ್ಡ ಕೂಲರನ್ನು ಮದರ್‌ಬೋರ್ಡಿಗೆ ಹಾಕಿದಂತೆಯೇ ಕಳಿಸಬೇಡಿ, ಪೆಟ್ಟಿಗೆ ಒಮ್ಮೆ ಬಿದ್ದರೆ ಅದರ ಭಾರವೇ ಬೋರ್ಡನ್ನು ಬಗ್ಗಿಸುತ್ತದೆ. ಮಾಡ್ಯುಲರ್ (ಕೇಬಲ್ ಕಿತ್ತು ತೆಗೆಯಬಹುದಾದ) ಪವರ್ ಸಪ್ಲೈ ಆದರೆ ಅದರದ್ದೇ ಕೇಬಲ್‌ಗಳನ್ನು ಅದರ ಜೊತೆಗೇ ಕಳಿಸಿ, ಕೇಬಲ್ ಇಲ್ಲದೆ ಮಾರಲೇಬೇಡಿ.

ಪೆಟ್ಟಿಗೆ ತುಂಬುವುದು, ಟೇಪ್ ಹಾಕುವುದು, ಲೇಬಲ್ ಅಂಟಿಸುವುದು, ತೂಕದ ಯಂತ್ರದ ಮೇಲಿಡುವುದು, ಎಲ್ಲವನ್ನೂ ಒಂದೇ ವಿಡಿಯೊದಲ್ಲಿ ಹಿಡಿಯಿರಿ. ಕೊರಿಯರ್ ರಸೀದಿಯಲ್ಲಿ ತೂಕ ನಮೂದಾಗಿದೆಯಾ ನೋಡಿ. ಆರ್ಡರ್‌ನಲ್ಲಿರುವ ವಿಳಾಸಕ್ಕೆ ಮಾತ್ರ ಕಳಿಸಿ. ದುಬಾರಿ ಭಾಗಕ್ಕೆ ಟ್ರ್ಯಾಕಿಂಗ್ ಸಾಲದು, ಸಹಿ ಪಡೆದು ಕೊಡುವ ಸೇವೆಯೇ ಬೇಕು. ಒಂದು ಮಿತಿ ದಾಟಿದ ಮೊತ್ತಕ್ಕೆ ಸಹಿ ಇಲ್ಲದಿದ್ದರೆ ಈಬೇ, ಹಣ ಪಾವತಿ ಸೇವೆಯಾದ ಪೇಪಾಲ್ ಎರಡೂ ಮಾರಿದವರ ಪರ ನಿಲ್ಲುವುದಿಲ್ಲ.

ಹಂತ 5: ದೂರು ಬಂತು, ಮೊದಲು ಗಡುವು ನೋಡಿ

ಮೆಸೇಜ್ ಓದಿದ ಕೂಡಲೇ ಉತ್ತರ ಟೈಪ್ ಮಾಡಬೇಡಿ. ಮೊದಲು ಇದು ಬರೀ ಮೆಸೇಜಾ ಅಥವಾ ಸೈಟಿನಲ್ಲಿ ತೆರೆದ ಕೇಸಾ ನೋಡಿ. ಕೇಸ್ ಆದರೆ ಗಡುವು ಇರುತ್ತದೆ. ಈಬೇಯಲ್ಲಿ ಉತ್ತರಿಸಲು 3 ಕೆಲಸದ ದಿನ. ಪೇಪಾಲ್‌ನಲ್ಲಿ ಕೊಂಡವರು ದುಡ್ಡು ಕೊಟ್ಟ 180 ದಿನದೊಳಗೆ ತಕರಾರು ತೆರೆಯಬಹುದು, ತೆರೆದ ಮೇಲೆ 20 ದಿನದೊಳಗೆ ಅದನ್ನು ಕ್ಲೇಮ್ ಆಗಿ, ಅಂದರೆ ಪೇಪಾಲ್‌ನವರೇ ತೀರ್ಮಾನಿಸುವ ಕೇಸಾಗಿ, ಮೇಲಕ್ಕೆ ಒಯ್ಯಬಹುದು. ಗಡುವಿನ ತಾರೀಕನ್ನು ಕ್ಯಾಲೆಂಡರ್‌ಗೆ ಹಾಕಿ. ಸಾಕ್ಷಿ ಎಷ್ಟೇ ಇದ್ದರೂ ಸುಮ್ನೆ ಕೂತವರು ಸೋಲುತ್ತಾರೆ.

ಮಾತೆಲ್ಲ ಸೈಟಿನ ಮೆಸೇಜ್‌ನಲ್ಲೇ ನಡೆಯಲಿ. ಕೊಂಡವರು ಫೋನ್ ಮಾಡಿದರೆ ಮಾತಾಡಿ, ತಪ್ಪೇನಿಲ್ಲ, ಆದರೆ ಫೋನ್ ಇಟ್ಟ ಕೂಡಲೇ "ಈಗ ನಾವು ಮಾತಾಡಿದಂತೆ..." ಅಂತ ಸೈಟಿನಲ್ಲಿ ಬರೆದು ಹಾಕಿ.

ಮೊದಲ ಉತ್ತರ ಹೀಗಿರಲಿ:

"ನಮಸ್ಕಾರ. ಕಾರ್ಡ್ ಕೆಲಸ ಮಾಡುತ್ತಿಲ್ಲ ಅಂತ ತಿಳಿದು ಬೇಸರವಾಯಿತು. ಕಾರಣ ಹುಡುಕೋಣ. ಮೂರು ವಿಷಯ ತಿಳಿಸುತ್ತೀರಾ? ಒಂದು, ಆನ್ ಮಾಡಿದಾಗ ನಿಖರವಾಗಿ ಏನಾಗುತ್ತದೆ, ಫ್ಯಾನ್ ತಿರುಗುತ್ತದೆಯೇ, ಪರದೆಯಲ್ಲಿ ಏನು ಬರುತ್ತದೆ. ಎರಡು, ನಿಮ್ಮ ಮದರ್‌ಬೋರ್ಡ್ ಮತ್ತು ಪವರ್ ಸಪ್ಲೈ ಮಾಡೆಲ್. ಮೂರು, ಕಾರ್ಡ್ ಪಿಸಿಯಲ್ಲಿ ಇರುವಂತೆಯೇ ಒಂದು ಫೋಟೊ, ಜೊತೆಗೆ ಸೀರಿಯಲ್ ನಂಬರ್ ಕಾಣುವ ಇನ್ನೊಂದು. ಅಷ್ಟರಲ್ಲಿ ಸರಿಹೋಗದಿದ್ದರೆ ಸೈಟಿನ ನಿಯಮದಂತೆ ರಿಟರ್ನ್ ಮಾಡೋಣ."

ಎರಡು ಮಾತು ಬರೆಯಬೇಡಿ. ಒಂದು, "ನೀವೇ ಸುಟ್ಟಿರಬೇಕು." ಇದು ನಿಜವೇ ಆಗಿದ್ದರೂ ಓದುವ ಸಿಬ್ಬಂದಿಗೆ ನೀವೇ ಜಗಳಗಂಟರಾಗಿ ಕಾಣುತ್ತೀರಿ. ಇನ್ನೊಂದು, "ಬಹುಶಃ ಕೊರಿಯರ್‌ನವರು ಹಾಳು ಮಾಡಿರಬೇಕು." ಸಮಾಧಾನ ಮಾಡಲು ಹೇಳಿದ ಮಾತು ಅದು, ಆದರೆ ಮಾಲು ಹಾಳಾಗಿಯೇ ತಲುಪಿತು ಅಂತ ನೀವೇ ಒಪ್ಪಿಕೊಂಡ ಹಾಗಾಯಿತು, ಅಲ್ವಾ?

ಹಂತ 6: ದೂರು ಯಾವ ಬಗೆಯದು ಅಂತ ಗುರುತಿಸಿ

ತಲುಪಲೇ ಇಲ್ಲ ಅಂದರೆ ಟ್ರ್ಯಾಕಿಂಗ್ ನೋಡಿ. ತಲುಪಿದೆ ಅಂತ ಇದ್ದರೆ ಆ ಪುಟ, ಸಹಿಯ ಪ್ರತಿ ಎರಡನ್ನೂ ಕೇಸಿಗೆ ಹಾಕಿ. ದಾರಿಯಲ್ಲೇ ನಿಂತಿದ್ದರೆ ಕೊರಿಯರ್‌ನವರ ಹತ್ತಿರ ಲಿಖಿತ ದೂರು ಕೊಟ್ಟು ಅದರ ನಂಬರ್ ಕೊಂಡವರಿಗೆ ಕೊಡಿ. ಬದಲಿ ಭಾಗವನ್ನು ಇನ್ನೂ ಕಳಿಸಬೇಡಿ.

ಒಡೆದು ಬಂತು ಅಂದರೆ ಹೊರಪೆಟ್ಟಿಗೆಯ ಆರೂ ಮುಖ, ಒಳಗಿನ ಪ್ಯಾಕಿಂಗ್, ಒಡೆದ ಜಾಗ ಇವುಗಳ ಫೋಟೊ ಕೇಳಿ, ಪೆಟ್ಟಿಗೆ ಎಸೆಯಬೇಡಿ ಅಂತ ಹೇಳಿ. ವಿಮೆ ಕೇಳಬೇಕಾದರೆ ಕೊರಿಯರ್‌ನವರು ಆ ಪೆಟ್ಟಿಗೆಯನ್ನೇ ಕೇಳುತ್ತಾರೆ. ಬೇರೆ ಮಾಲು ಬಂತು ಅಂದರೆ ಸೀರಿಯಲ್ ಫೋಟೊ ತಾಳೆ ನೋಡುವುದೇ ಮೊದಲ ಕೆಲಸ.

ಕೆಲಸ ಮಾಡುತ್ತಿಲ್ಲ ಅನ್ನುವುದೇ ಅತಿ ಹೆಚ್ಚು ಬರುವ ದೂರು. ನನ್ನ ಮಟ್ಟಿಗೆ ಅದರಲ್ಲಿ ಮೋಸ ಕಡಿಮೆ, ಹೊಂದಾಣಿಕೆ ತಪ್ಪುಗಳೇ ಜಾಸ್ತಿ. ಕಳ್ಳ ಅಂತ ಅಂದುಕೊಂಡು ಶುರು ಮಾಡಿದರೆ ಒಂದು ಕೇಬಲ್ ಬದಲಿಸಿ ಮುಗಿಸಬಹುದಾಗಿದ್ದನ್ನು ರಿಫಂಡ್‌ವರೆಗೆ ಎಳೆದುಕೊಳ್ಳುತ್ತೀರಿ.

ಹಂತ 7: ಭಾಗ ಸತ್ತಿದೆಯಾ, ಜೋಡಿಸಿದ್ದು ತಪ್ಪಾ

ಇಲ್ಲಿ ತಾಳ್ಮೆ ಬೇಕು. ಕೊಂಡವರು ಮೊದಲ ಸಲ ಪಿಸಿ ಬಿಚ್ಚಿರಬಹುದು.

ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಪರದೆ ಕಪ್ಪು ಅಂದರೆ, ಮಾನಿಟರ್ ಕೇಬಲ್ ಎಲ್ಲಿ ಚುಚ್ಚಿದೆ ಕೇಳಿ. ಕಾರ್ಡ್ ಬಿಟ್ಟು ಮದರ್‌ಬೋರ್ಡಿನ ಪೋರ್ಟಿಗೆ ಚುಚ್ಚುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಆಮೇಲೆ ಕಾರ್ಡಿನ ಪವರ್ ಕನೆಕ್ಟರ್ ಎಲ್ಲ ತುಂಬಿವೆಯಾ, ಪವರ್ ಸಪ್ಲೈ ಎಷ್ಟು ವ್ಯಾಟ್, ಸಾಟಾದಿಂದ (ಡಿಸ್ಕ್‌ಗೆ ಕರೆಂಟ್ ಕೊಡುವ ಕನೆಕ್ಟರ್) ಅಡಾಪ್ಟರ್ ಹಾಕಿದ್ದಾರಾ ನೋಡಿ. ಹಾಗೆ ಹಾಕಿದ್ದರೆ ತಕ್ಷಣ ಆಫ್ ಮಾಡಲು ಹೇಳಿ, ಸಾಟಾ ಕನೆಕ್ಟರ್ ಅಷ್ಟು ಕರೆಂಟ್ ತಡೆಯುವುದಿಲ್ಲ, ಕರಗುತ್ತದೆ. ಪರದೆ ಬರುತ್ತದೆ ಆದರೆ ಗೇಮ್ ಬೀಳುತ್ತದೆ ಅಂದರೆ ಹಳೆ ಡ್ರೈವರ್ ಪೂರ್ತಿ ತೆಗೆದು ಹೊಸದು ಹಾಕಲು ಹೇಳಿ, ಅದಕ್ಕೆ ಡಿಡಿಯು ಅನ್ನುವ ಪುಕ್ಕಟೆ ಸಾಧನ ಇದೆ.

ರ‍್ಯಾಮ್‌ನಲ್ಲಿ ಡಿಡಿಆರ್5 (ಹೊಸ ತಲೆಮಾರಿನ ಬಗೆ) ಹಾಕಿದ ಮೊದಲ ಸಲ ಬೋರ್ಡ್ ಅದನ್ನು ಅಳೆದು ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ, ಅಷ್ಟು ಹೊತ್ತೂ ಪರದೆ ಕಪ್ಪು. ಜನ ಹೆದರಿ ಆಫ್ ಮಾಡುತ್ತಾರೆ, ಮತ್ತೆ ಆನ್ ಮಾಡುತ್ತಾರೆ, ಅದು ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಕಾಲು ಗಂಟೆ ಮುಟ್ಟದೆ ಬಿಡಲು ಹೇಳಿ. ಎರಡು ಸ್ಟಿಕ್ ಆದರೆ ಹೆಚ್ಚಿನ ಬೋರ್ಡುಗಳಲ್ಲಿ ಪ್ರೊಸೆಸರ್ ಕಡೆಯಿಂದ 2 ಮತ್ತು 4ನೇ ಸ್ಲಾಟ್. ಸರ್ವರ್‌ನ ರಿಜಿಸ್ಟರ್ಡ್ ರ‍್ಯಾಮ್ ಮಾರಿದ್ದರೆ ಅದು ಮಾಮೂಲಿ ಡೆಸ್ಕ್‌ಟಾಪ್ ಬೋರ್ಡಿನಲ್ಲಿ ಓಡುವುದಿಲ್ಲ, ಇದನ್ನು ಲಿಸ್ಟಿಂಗ್‌ನಲ್ಲಿ ಹೇಳದಿದ್ದರೆ ರಿಟರ್ನ್ ಒಪ್ಪಿಕೊಳ್ಳಿ.

ಪ್ರೊಸೆಸರ್‌ನಲ್ಲಿ ಸಾಕೆಟ್ ಒಂದೇ ಆದರೂ ಬಯಾಸ್ ಹಳೆಯದಾದರೆ ಆನ್ ಆಗುವುದಿಲ್ಲ. ಎಎಂಡಿ ಚಿಪ್‌ಗಳ ಬಿ450 ಬೋರ್ಡಿನಲ್ಲಿ ಅದಕ್ಕಿಂತ ಹೊಸ ರೈಜನ್ 5000 ಸರಣಿಯ ಚಿಪ್ ಹಾಕಿದವರಿಂದ ಈ ದೂರು ಬರುವುದು ಮಾಮೂಲು. ಇಂಟೆಲ್ ಚಿಪ್ಪಿನ ಹೆಸರಿನ ಕೊನೆಗೆ ಎಫ್ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಇಲ್ಲದೆ ಪರದೆ ಬರುವುದಿಲ್ಲ.

ಡಿಸ್ಕ್‌ಗಳ ದೂರು ಹೆಚ್ಚಾಗಿ ಭಾಗ ಕೆಟ್ಟು ಬರುವುದಲ್ಲ. 1 ಟಿಬಿ ಅಂದಿರಿ, 931 ಜಿಬಿ ತೋರಿಸುತ್ತಿದೆ ಅಂತ ಸಿಟ್ಟಾಗುತ್ತಾರೆ. ಕಂಪನಿ ಲೆಕ್ಕ ಸಾವಿರದ್ದು, ವಿಂಡೋಸ್ ಲೆಕ್ಕ 1024ರದ್ದು, ಹೊಸ ಡಿಸ್ಕಿನಲ್ಲೂ ಅಷ್ಟೇ ಬರುತ್ತದೆ. ಅಳಿಸಿ ಕಳಿಸಿದ ಡಿಸ್ಕ್ ವಿಂಡೋಸ್‌ನಲ್ಲಿ ತಾನಾಗಿ ಕಾಣುವುದೂ ಇಲ್ಲ, ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಇನಿಷಿಯಲೈಸ್ ಮಾಡಬೇಕು. ಎಂ.2 ಡಿಸ್ಕ್ (ಬೋರ್ಡಿಗೇ ನೇರ ಚುಚ್ಚುವ ತೆಳ್ಳಗಿನ ಡಿಸ್ಕ್) ಆದರೆ ಸಾಟಾ ಬಗೆಯದಾ ಎನ್‌ವಿಎಂಇ ಬಗೆಯದಾ ನೋಡಿ. ಎರಡೂ ಒಂದೇ ಆಕಾರದಲ್ಲಿದ್ದರೂ ಎಲ್ಲ ಸ್ಲಾಟೂ ಎರಡನ್ನೂ ಓದುವುದಿಲ್ಲ.

ಪವರ್ ಸಪ್ಲೈ ಕೊಂಡು "ನನ್ನ ಡಿಸ್ಕ್ ಎಲ್ಲ ಸುಟ್ಟುಹೋಯಿತು" ಅಂದರೆ ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಕೇಬಲ್ ಬಳಸಿದಿರಿ? ಪವರ್ ಸಪ್ಲೈ ಕಡೆಯ ಮಾಡ್ಯುಲರ್ ಕನೆಕ್ಟರ್‌ಗೆ ಎಲ್ಲ ಕಂಪನಿಗೂ ಒಂದೇ ಅನ್ನುವ ನಿಯಮ ಇಲ್ಲ. ಹಳೆ ಕೇಬಲ್ ಸಲೀಸಾಗಿ ಕೂರುತ್ತದೆ, ಆದರೆ 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋಗುತ್ತದೆ. ಅದಕ್ಕೇ ಕೇಬಲ್ ಸಮೇತ ಕಳಿಸಿ ಅಂದದ್ದು.

ಮದರ್‌ಬೋರ್ಡಿನಲ್ಲಿ ಪಿನ್ ಬಾಗಿದೆ ಅಂತ ಬಂದರೆ 1ನೇ ಹಂತದ ಆ ಐದು ಫೋಟೊ ಬಿಟ್ಟು ಬೇರೆ ದಾರಿ ಇಲ್ಲ. ಕೊಂಡವರ ಹತ್ತಿರ ಅದೇ ಕೋನದ ಫೋಟೊ ಕೇಳಿ, ಎರಡನ್ನೂ ಪಕ್ಕಪಕ್ಕ ಇಡಿ. ಬಾಗಿದ ಪಿನ್ ನಿಮ್ಮ ಫೋಟೊದಲ್ಲಿ ನೇರ ಇದ್ದರೆ ಅದೇ ದೊಡ್ಡ ಸಾಕ್ಷಿ.

ಈ ವಿಚಾರಣೆ ಎರಡು ಸುತ್ತಿಗಿಂತ ಜಾಸ್ತಿ ಬೇಡ. ಮೂರನೇ ಸಲವೂ "ಇದೊಂದು ಮಾಡಿ ನೋಡಿ" ಅಂದರೆ ನೀವು ದಿನ ದೂಡುತ್ತಿದ್ದೀರಿ ಅಂತ ಕಾಣುತ್ತದೆ. ಹೀಟ್‌ಸಿಂಕ್ ಬಿಚ್ಚಿ ನೋಡಿ, ಪವರ್ ಸಪ್ಲೈ ತೆರೆದು ನೋಡಿ ಅಂತ ಯಾವತ್ತೂ ಹೇಳಬೇಡಿ. ಪವರ್ ಸಪ್ಲೈ ಒಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಶಾಕ್ ಹೊಡೆಯಬಲ್ಲದು.

ಹಂತ 8: ರಿಟರ್ನ್, ಅರ್ಧ ರಿಫಂಡ್ ಅಥವಾ ಏನೂ ಇಲ್ಲ

ಪೂರ್ತಿ ರಿಫಂಡ್ ಕೊಡುವುದಾದರೆ ಭಾಗ ಕೈಗೆ ಬಂದ ಮೇಲೆ ಮಾತ್ರ, ಸೈಟಿನ ರಿಟರ್ನ್ ಬಟನ್ ಮೂಲಕ ಮಾತ್ರ. ಬೇರೆ ಖಾತೆಗೆ ದುಡ್ಡು ಹಾಕಿದರೆ ಅದು ರಿಫಂಡ್ ಅಂತ ಸೈಟಿಗೆ ಗೊತ್ತಾಗುವುದಿಲ್ಲ, ಇನ್ನೊಂದು ಸಲ ಕೊಡಬೇಕಾಗುತ್ತದೆ.

ಸ್ಕ್ರೂ ಇಲ್ಲ, ಹಿಂಬದಿಯ ಐ/ಒ ಶೀಲ್ಡ್ (ಪೋರ್ಟ್‌ಗಳ ಸುತ್ತ ಕೂರುವ ತಗಡು) ಬಂದಿಲ್ಲ, ಹೇಳದೆ ಬಿಟ್ಟ ಗೀರು ಇದೆ ಅನ್ನುವಂಥದ್ದಕ್ಕೆ ಸ್ವಲ್ಪ ದುಡ್ಡು ವಾಪಸ್ ಕೊಟ್ಟು ಮುಗಿಸುವುದು ಜಾಣತನ. ಆದರೆ ಕೆಲಸವೇ ಮಾಡುತ್ತಿಲ್ಲ ಅನ್ನುವ ಕಾರ್ಡಿಗೆ "ಅರ್ಧ ಕೊಡಿ, ಕಾರ್ಡ್ ನಾನೇ ಇಟ್ಟುಕೊಳ್ತೀನಿ" ಅಂದರೆ ಒಪ್ಪಬೇಡಿ. ಸತ್ತ ಕಾರ್ಡ್ ಯಾರಿಗೆ ಬೇಕು? "ಪೂರ್ತಿ ರಿಫಂಡ್ ಕೊಡುತ್ತೇನೆ, ದಯವಿಟ್ಟು ರಿಟರ್ನ್ ತೆರೆಯಿರಿ" ಅಂತ ಬರೆಯಿರಿ. ಚೌಕಾಸಿಗೆ ಬಂದವರು ಬಹಳ ಸಲ ಅಲ್ಲಿಗೇ ಸುಮ್ಮನಾಗುತ್ತಾರೆ.

ತಪ್ಪು ನಿಮ್ಮ ಲಿಸ್ಟಿಂಗ್‌ದಾದರೆ ವಾಪಸ್ ಬರುವ ಕೊರಿಯರ್ ಖರ್ಚೂ ನಿಮ್ಮದು, ಚೌಕಾಸಿ ಮಾಡಬೇಡಿ.

ಹಂತ 9: ವಾಪಸ್ ಬಂದ ಪೆಟ್ಟಿಗೆ ತೆರೆಯುವುದು

ಕ್ಯಾಮೆರಾ ಆನ್ ಮಾಡದೆ ಟೇಪ್ ಮುಟ್ಟಬೇಡಿ. ಲೇಬಲ್, ತೂಕ, ಟೇಪ್ ಅಂಚು, ಕತ್ತರಿಸುವುದು, ಹೊರತೆಗೆಯುವುದು, ಸೀರಿಯಲ್ ನಂಬರ್, ಎಲ್ಲ ಒಂದೇ ಓಟ. ಕಳಿಸುವಾಗಿನ ತೂಕಕ್ಕೂ ಈಗಿನದ್ದಕ್ಕೂ ದೊಡ್ಡ ವ್ಯತ್ಯಾಸ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ತೂಕ ಕೊರಿಯರ್ ದಾಖಲೆಯಲ್ಲೂ ಇರುವುದರಿಂದ ನೀವು ಹುಟ್ಟಿಸಿದ ಲೆಕ್ಕ ಅಂತ ಯಾರೂ ಹೇಳಲಾರರು.

ಸೀರಿಯಲ್ ಸರಿ ಇದ್ದರೂ ಅಲ್ಲಿಗೇ ಬಿಡಬೇಡಿ. 1ನೇ ಹಂತದ ಗೀರು, ಬೆಸುಗೆ, ಸ್ಕ್ರೂ ತಾಳೆ ನೋಡಿ. ಗ್ರಾಫಿಕ್ಸ್ ಕಾರ್ಡಿನ ಹೀಟ್‌ಸಿಂಕ್ ಬಿಚ್ಚಿ, ಒಳಗಿನ ಮೆಮೊರಿ ಚಿಪ್ಪನ್ನೋ ಮುಖ್ಯ ಚಿಪ್ಪನ್ನೋ ಕಿತ್ತುಕೊಂಡು, ಮತ್ತೆ ಮುಚ್ಚಿ ಕಳಿಸುವವರು ಇದ್ದಾರೆ. ಸ್ಕ್ರೂ ತಲೆ ಹೊಸದಾಗಿ ಸವೆದಿದ್ದರೆ, ಥರ್ಮಲ್ ಪ್ಯಾಡ್ ಅಂಚು ಹೊರಗೆ ಬಂದಿದ್ದರೆ ಕ್ಯಾಮೆರಾ ಎದುರಿಗೇ ಬಿಚ್ಚಿ ನೋಡಿ. ಎಲ್ಲ ಸರಿ ಇದ್ದರೆ ಅದೇ ಟೆಸ್ಟ್ ಪಿಸಿಯಲ್ಲಿ ಅದೇ ಟೆಸ್ಟ್ ಓಡಿಸಿ.

ನಿಮ್ಮ ಭಾಗವೇ ವಾಪಸ್ ಬಂದಿದ್ದರೆ ರಿಫಂಡ್ ತಡ ಮಾಡಬೇಡಿ, ಈಬೇಯಲ್ಲಿ ಅದಕ್ಕೆ 2 ಕೆಲಸದ ದಿನ ಮಾತ್ರ. ಬೇರೆ ಭಾಗ ಬಂದಿದ್ದರೆ ರಿಫಂಡ್ ಬಟನ್ ಒತ್ತಬೇಡಿ, ಬಂದ ಭಾಗವನ್ನು ಎಸೆಯಬೇಡಿ, ಅದೇ ದಿನ ಸೈಟಿಗೆ ವರದಿ ಮಾಡಿ. ಪೊಲೀಸ್ ದೂರಿನ ಪ್ರತಿಯೂ ಇದ್ದರೆ ಕೇಸಿಗೆ ತೂಕ ಬರುತ್ತದೆ.

ಹಂತ 10: ಸೈಟಿಗೆ ಬರೆಯುವ ರೀತಿ

ಉದ್ದ ಬೇಡ. ಓದುವವರಿಗೆ ಒಂದು ಕೇಸಿಗೆ ಸಿಗುವುದು ಕೆಲವೇ ನಿಮಿಷ. ತಾರೀಕು ಸಮೇತ ನಾಲ್ಕೈದು ಸಾಲು, ಪ್ರತಿ ಸಾಲಿಗೆ ಒಂದು ಫೋಟೊ ನಂಬರ್:

"ಕಳಿಸಿದ ಕಾರ್ಡಿನ ಸೀರಿಯಲ್ ನಂಬರ್ ಫೋಟೊ 1ರಲ್ಲಿದೆ. ಪ್ಯಾಕ್ ಮಾಡುವಾಗಿನ ತೂಕ ಫೋಟೊ 2, ಕೊರಿಯರ್ ರಸೀದಿ ಫೋಟೊ 3. ವಾಪಸ್ ಬಂದ ಕಾರ್ಡಿನ ಸೀರಿಯಲ್ ನಂಬರ್ ಫೋಟೊ 4, ಅದು ಬೇರೆ. ಕೊಂಡವರೇ ಮೆಸೇಜ್‌ನಲ್ಲಿ ಕಳಿಸಿದ ಫೋಟೊ 5ರಲ್ಲಿ ಇರುವುದು ನಾನು ಕಳಿಸಿದ ಕಾರ್ಡಿನ ನಂಬರೇ."

ಆ ಕೊನೆಯ ಸಾಲು ನೋಡಿ. 5ನೇ ಹಂತದಲ್ಲಿ ಸೀರಿಯಲ್ ಫೋಟೊ ಕೇಳಿ ಅಂದದ್ದು ಇದಕ್ಕೇ.

ಎಷ್ಟೋ ಸೈಟ್‌ಗಳಲ್ಲಿ ವಿಡಿಯೊ ಹಾಕಲು ಬರುವುದಿಲ್ಲ. ವಿಡಿಯೊದಿಂದ ಸ್ಕ್ರೀನ್‌ಶಾಟ್ ತೆಗೆದು, ನೋಡಬೇಕಾದ ಜಾಗಕ್ಕೆ ಕೆಂಪು ಸುತ್ತು ಹಾಕಿ ಕೊಡಿ. "ಇವರು ಮೋಸಗಾರರು, ನನ್ನ ರೇಟಿಂಗ್ ನೋಡಿ" ಅನ್ನುವ ಮಾತೆಲ್ಲ ಅಳಿಸಿ.

ಹಂತ 11: ಬ್ಯಾಂಕಿನ ಚಾರ್ಜ್‌ಬ್ಯಾಕ್

ಸೈಟಿನಲ್ಲಿ ಗೆದ್ದರೂ ಕಥೆ ಮುಗಿದಿಲ್ಲ. ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡ್‌ನಲ್ಲಿ ದುಡ್ಡು ಕೊಟ್ಟವರು ಬ್ಯಾಂಕಿಗೆ ಹೋಗಿ ಚಾರ್ಜ್‌ಬ್ಯಾಕ್ ಹಾಕಬಹುದು, ಅಂದರೆ ಆ ದುಡ್ಡನ್ನು ವಾಪಸ್ ಕೊಡಿಸಿ ಅಂತ ಕೇಳಬಹುದು, ವೀಸಾದಲ್ಲಿ ಅದಕ್ಕೆ ಸಾಮಾನ್ಯವಾಗಿ 120 ದಿನ ಅವಕಾಶ. ಸೈಟಿನ ತೀರ್ಮಾನ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಉತ್ತರ ಹೋಗುವುದು ಪೇಮೆಂಟ್ ಕಂಪನಿಯ ಮೂಲಕ, ಕೊಡಬೇಕಾದದ್ದು ಸೈಟಿಗೆ ಕೊಟ್ಟ ಅದೇ ಸಾಕ್ಷಿಗಳ ಫೈಲ್, ಜೊತೆಗೆ ಸೈಟಿನ ತೀರ್ಮಾನದ ಪ್ರತಿ.

ಚಾರ್ಜ್‌ಬ್ಯಾಕ್ ನಡೆಯುತ್ತಿರುವಾಗ ಬೇರೆ ರಿಫಂಡ್ ಕೊಡಬೇಡಿ. ಬ್ಯಾಂಕ್ ಆಗಲೇ ದುಡ್ಡು ಹಿಡಿದಿರುತ್ತದೆ, ನೀವೂ ಕೊಟ್ಟರೆ ಎರಡು ಸಲ ಹೋಗುತ್ತದೆ. ಕೊಂಡವರು "ಕೇಸ್ ವಾಪಸ್ ತಗೋತೀನಿ, ದುಡ್ಡು ಹಾಕಿ" ಅಂದರೆ ಮೊದಲು ವಾಪಸ್ ತೆಗೆದ ಪತ್ರ ಬ್ಯಾಂಕಿನಿಂದ ಬರಲಿ.

ಎಚ್ಚರಿಕೆಯ ಲಕ್ಷಣಗಳು

ದುಡ್ಡು ಕೊಟ್ಟ ಮೇಲೆ ವಿಳಾಸ ಬದಲಿಸಿ ಅನ್ನುವವರು, ಸೈಟ್ ಬಿಟ್ಟು ವಾಟ್ಸಾಪ್‌ನಲ್ಲಿ ಮುಗಿಸೋಣ ಅನ್ನುವವರು, ಹೆಚ್ಚು ದುಡ್ಡು ಬಂದಿದೆ ಉಳಿದದ್ದು ವಾಪಸ್ ಹಾಕಿ ಅನ್ನುವವರು, ಖಾತೆ ಖಚಿತ ಮಾಡಲು ಅಂತ ಲಿಂಕ್ ಕಳಿಸುವವರು, ಇವರ ಜೊತೆ ವ್ಯವಹಾರ ಅಲ್ಲಿಗೇ ನಿಲ್ಲಿಸಿ.

ದೂರಿನೊಳಗೂ ಲಕ್ಷಣಗಳಿವೆ. ಮೊದಲ ಮೆಸೇಜ್‌ನಲ್ಲೇ ಇಷ್ಟು ದುಡ್ಡು ಅಂತ ಕೇಳುವುದು. ಸೀರಿಯಲ್ ಫೋಟೊ ಕೇಳಿದರೆ ಮಾತು ಬದಲಿಸುವುದು. ಬೆಳಿಗ್ಗೆ "ಆನ್ ಆಗಲ್ಲ", ಸಂಜೆ "ಗೇಮ್‌ನಲ್ಲಿ ಬಿಸಿಯಾಗುತ್ತೆ" ಅನ್ನುವುದು, ಎರಡೂ ಒಟ್ಟಿಗೆ ನಿಜ ಆಗಲು ಸಾಧ್ಯವಿಲ್ಲ. ಕಳಿಸಿದ ಫೋಟೊ ಇಂಟರ್‌ನೆಟ್‌ನಿಂದ ಎತ್ತಿದ್ದಾ ಅಂತ ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿ. ಇವುಗಳಲ್ಲಿ ಒಂದು ಕಂಡರೆ ಹುಷಾರಾಗಿ, ಎರಡು ಮೂರು ಒಟ್ಟಿಗೆ ಕಂಡರೆ ಕೊಂಡವರ ಜೊತೆ ಚರ್ಚೆ ನಿಲ್ಲಿಸಿ ಸೈಟಿನವರನ್ನು ಮಧ್ಯೆ ಕರೆಯಿರಿ.

ಕೇಸ್ ಮುಚ್ಚಿದ ಮೇಲೆ

ಫೋಟೊ, ವಿಡಿಯೊ, ಮೆಸೇಜ್ ಎಲ್ಲ ಆರ್ಡರ್ ನಂಬರಿನ ಒಂದು ಫೋಲ್ಡರ್‌ನಲ್ಲಿ ಕನಿಷ್ಠ ಆರೇಳು ತಿಂಗಳು ಇರಲಿ, ಪೇಪಾಲ್‌ನ ಆ 180 ದಿನ ನೆನಪಿರಲಿ. ವಾಪಸ್ ಬಂದ ಭಾಗವನ್ನು ಹಳೆ ಫೋಟೊ ಹಾಕಿ ಮತ್ತೆ ಲಿಸ್ಟ್ ಮಾಡಬೇಡಿ. ಅದು ಈಗ ಇನ್ನೊಬ್ಬರ ಪಿಸಿ ಹೊಕ್ಕು ಬಂದ ಭಾಗ, ಎರಡು ಸಲ ಕೊರಿಯರ್ ಲಾರಿ ಹತ್ತಿದೆ. 1ನೇ ಹಂತದಿಂದ ಹೊಸ ಫೋಟೊ, ಹೊಸ ಟೆಸ್ಟ್, ಹೊಸ ತಾರೀಕಿನ ವಿಡಿಯೊ ಮಾಡಿ. ಟೆಸ್ಟ್‌ನಲ್ಲಿ ಫೇಲ್ ಆದರೆ ಬಿಡಿಭಾಗಕ್ಕೆ ಮಾತ್ರ ಅಂತ ಮಾರಿ.